ಫೋನ್ ಆನ್ ಆಗೇ ಇತ್ತು

ಫೋನ್ ಕೆಟ್ಟರೆ ಸರಿ ಮಾಡಿಸಬಹುದು. ಯಾಕೆ ಕೆಟ್ಟಿತು ಅಂತ ಯಾರಿಗೂ ಗೊತ್ತಾಗದಿದ್ದರೆ ಮಾತ್ರ ಆ ತಪ್ಪು ಫೋನಿನಲ್ಲಿ ಉಳಿಯುವುದಿಲ್ಲ. ಹತ್ತಿರದ ಯಾರಾದರೂ ಒಬ್ಬರ ತಲೆಗೆ ಬರುತ್ತದೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಅದು ಬರುವುದು ವಯಸ್ಸಾದವರ ತಲೆಗೆ.

ನನ್ನ ಅಮ್ಮನ ಫೋನಿಗೆ ಒಂದು ತೊಂದರೆ ಶುರುವಾಗಿತ್ತು. ಯಾರ ಜೊತೆಗಾದರೂ ಮಾತಾಡಿ ಮುಗಿಸಿ ಕಿವಿಯಿಂದ ತೆಗೆದರೆ ತೆರೆ ಕಪ್ಪಗೇ ಇರುತ್ತಿತ್ತು. ಕಟ್ ಮಾಡಲು ಕೆಂಪು ಗುಂಡಿಯೇ ಕಾಣುತ್ತಿರಲಿಲ್ಲ. ಆ ಕಡೆಯವರು ಕಟ್ ಮಾಡುವ ತನಕ ಕಾಯಬೇಕು. ಅವರೂ ಮರೆತರೆ ನಮ್ಮ ಅಡುಗೆಮನೆಯ ಮಾತೆಲ್ಲ ಅವರಿಗೆ ಕೇಳುತ್ತಿರುತ್ತಿತ್ತು. ಅಮ್ಮ ಪ್ರತಿ ಸಲ ಹೇಳುತ್ತಿದ್ದದ್ದು ಒಂದೇ ಮಾತು. "ನಾನೇ ಏನೋ ಒತ್ತಿಬಿಟ್ಟೆ ಅನ್ಸುತ್ತೆ ಕಣೆ."

ಅಮ್ಮ ಏನೂ ಒತ್ತಿರಲಿಲ್ಲ. ಫೋನಿನ ತಲೆಯ ಭಾಗದಲ್ಲಿ, ಮಾತು ಕೇಳಿಸುವ ಸ್ಪೀಕರ್ ಪಕ್ಕ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಆ ಬೆಳಕು ಕೆನ್ನೆಗೋ ಕಿವಿಗೋ ತಾಗಿ ವಾಪಸ್ ಬಂದರೆ ಫೋನ್ ತೆರೆಯನ್ನು ಆರಿಸುತ್ತದೆ. ಕೆನ್ನೆ ತಾಗಿ ಕರೆ ಕಟ್ ಆಗದಿರಲಿ ಅಂತ ಮಾಡಿರುವ ಏರ್ಪಾಡು ಅದು. ಅಂಗಡಿಯಲ್ಲಿ ಹಾಕಿಸಿದ ಟೆಂಪರ್ಡ್ ಗ್ಲಾಸ್ ಆ ಜಾಗವನ್ನು ಅರ್ಧ ಮುಚ್ಚಿದ್ದರೆ, ಅಥವಾ ಅಂಚಿನಲ್ಲಿ ಎಣ್ಣೆ, ಧೂಳು ಸೇರಿದ್ದರೆ, ಬೆಳಕು ಅಲ್ಲಿಯೇ ತಾಗಿ ವಾಪಸ್ ಬರುತ್ತದೆ. ಕಿವಿ ಇನ್ನೂ ಹತ್ತಿರವೇ ಇದೆ ಅಂತ ಫೋನ್ ತಿಳಿಯುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಈ ಸೆನ್ಸರೇ ಇರುವುದಿಲ್ಲ. 2016ರಲ್ಲಿ ಬಂದ ಶಿಯೋಮಿಯ ಮಿ ಮಿಕ್ಸ್ ಫೋನಿನಲ್ಲಿ ಅದರ ಬದಲು ನಮಗೆ ಕೇಳಿಸದ ಸದ್ದು ಬಿಟ್ಟು, ಅದರ ಪ್ರತಿಧ್ವನಿಯಿಂದ ಕಿವಿ ಎಲ್ಲಿದೆ ಎಂದು ಅಳೆಯುವ ವ್ಯವಸ್ಥೆ ಮಾಡಿದ್ದರು.

ಅಮ್ಮನ ಫೋನಿನ ಗ್ಲಾಸ್ ಕಿತ್ತು, ಮೇಲ್ಭಾಗ ಒರೆಸಿದೆ. ಸರಿಹೋಯಿತು. ಆದರೆ ಅಷ್ಟು ದಿನ ಅಮ್ಮ ತನಗೆ ಫೋನ್ ಬಳಸಲು ಬರುವುದಿಲ್ಲ ಎಂದು ನಂಬಿದ್ದರಲ್ಲ, ಅದನ್ನು ಒರೆಸಿ ತೆಗೆಯಲು ಆಗಲಿಲ್ಲ. ಇವತ್ತಿಗೂ ಹೊಸದೇನಾದರೂ ತೆರೆಯ ಮೇಲೆ ಬಂದರೆ ಕೈ ಹಿಂದೆ ತೆಗೆಯುತ್ತಾರೆ. ಇದು ಚಿಕ್ಕ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಘಟನೆ ಚಿಕ್ಕದಲ್ಲವೇ ಅಲ್ಲ. ಈ ಬರಹ ಬರೆಯಲು ಕಾರಣವೇ ಅದು.

ನನ್ನ ದೊಡ್ಡಪ್ಪ ಸಕಲೇಶಪುರದ ಹತ್ತಿರದ ಹಳ್ಳಿಯಲ್ಲಿದ್ದರು. ನಾವಿರುವುದು ಹಾಸನದಲ್ಲಿ. ಒಂದು ದಿನ ಬೆಳಗಿನ ಜಾವ ದೊಡ್ಡಪ್ಪ ಹೋಗಿಬಿಟ್ಟರು. ಮನೆಯವರು ಎಲ್ಲರಿಗೂ ಫೋನ್ ಮಾಡಿದರು. ನನಗೂ ಮಾಡಿದರು, ಮತ್ತೆ ಮತ್ತೆ ಮಾಡಿದರು. ನನ್ನ ಫೋನ್ ಒಂದು ಸಲವೂ ರಿಂಗ್ ಆಗಲಿಲ್ಲ. ಅದು ಸೈಲೆಂಟ್‌ನಲ್ಲಿ ಇರಲಿಲ್ಲ. ಮಿಸ್ಡ್ ಕಾಲ್ ಅಂತಲೂ ತೋರಿಸಲಿಲ್ಲ. ಟವರ್ ಫುಲ್ ಇತ್ತು. ನೆಟ್ ಓಡುತ್ತಿತ್ತು. ಅವತ್ತು ಬೆಳಿಗ್ಗೆ ಅದೇ ಫೋನಿನಿಂದ ಹಾಲಿನವರಿಗೆ ಯುಪಿಐ ಮಾಡಿದ್ದೆ. ದುಡ್ಡು ಹೋದ ಹೊತ್ತು ಇನ್ನೂ ಅದರಲ್ಲಿದೆ. ಅಣ್ಣ ನನಗೆ ಕರೆ ಮಾಡುತ್ತಿದ್ದದ್ದೂ ಅದೇ ಹೊತ್ತಿಗೆ.

ಕೊನೆಗೆ ಯಾರೋ ನನ್ನ ಯಜಮಾನರ ನಂಬರ್ ಹುಡುಕಿ ತಿಳಿಸಿದರು. ನಾವು ಹೊರಟು ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಕಾದರು, ಆಮೇಲೆ ಕಾಯಲು ಆಗಲಿಲ್ಲ. ದೊಡ್ಡಪ್ಪನ ಮುಖ ನೋಡಲು ನನಗೆ ಸಿಗಲಿಲ್ಲ.

ಅಣ್ಣ ಜಗಳ ಆಡಲಿಲ್ಲ. "ಎಷ್ಟು ಸರ್ತಿ ಮಾಡಿದ್ವಿ. ಸ್ವಿಚ್ ಆಫ್ ಅಂತಾನೇ ಬರ್ತಿತ್ತು" ಅಂದರು, ಅಷ್ಟೇ. ನಾನು ಫೋನ್ ಆನ್ ಆಗೇ ಇತ್ತು ಅಂದೆ. ಅಲ್ಲಿದ್ದ ಯಾರೂ ಉತ್ತರ ಕೊಡಲಿಲ್ಲ. ಹನ್ನೊಂದನೇ ದಿನದ ಕಾರ್ಯದಲ್ಲಿ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, "ಹೋಗ್ಲಿ ಬಿಡು, ರಾತ್ರಿ ಆಫ್ ಮಾಡಿ ಮಲಗಿದ್ಯೇನೋ" ಅಂದರು. ಪ್ರೀತಿಯಿಂದಲೇ ಅಂದರು. ಅವರು ನನ್ನನ್ನು ಕ್ಷಮಿಸುತ್ತಿದ್ದರು. ಮಾಡದ ತಪ್ಪಿಗೆ ಕ್ಷಮೆ ಪಡೆಯುವುದು ಎಷ್ಟು ಕಷ್ಟ ಅಂತ ನನಗೆ ಅವತ್ತು ಗೊತ್ತಾಯಿತು.

ಟವರ್ ಇದೆ, ನೆಟ್ ಇದೆ, ಆದರೂ ಕರೆ ಬರುವುದಿಲ್ಲ. ಇದು ಹೇಗೆ ಸಾಧ್ಯ ಅಂತ ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. 2ಜಿ, 3ಜಿ ಕಾಲದಲ್ಲಿ ಮಾತಿಗೆ ಅಂತಲೇ ಬೇರೆ ದಾರಿ ಇತ್ತು. 4ಜಿಯಲ್ಲಿ ಮಾತೂ ಡೇಟಾ ಆಗಿಯೇ ಹೋಗುತ್ತದೆ. ಅದನ್ನೇ ವೋಲ್ಟೆ ಅನ್ನುವುದು. ಇದಕ್ಕಾಗಿ ಫೋನ್ ಎರಡು ಕಡೆ ಹೆಸರು ಬರೆಸಬೇಕು. ಮೊದಲನೆಯದು ಟವರ್ ಇರುವ ನೆಟ್‌ವರ್ಕ್. ಎರಡನೆಯದು ಕರೆಗಳನ್ನು ನೋಡಿಕೊಳ್ಳುವ, ಐಎಂಎಸ್ ಅನ್ನುವ ವ್ಯವಸ್ಥೆ. ಮೊದಲನೆಯದು ಸರಿ ಇದ್ದರೆ ನೆಟ್ ಓಡುತ್ತದೆ. ಎರಡನೆಯದು ತಪ್ಪಿಹೋಗಿ, ಅದು ಫೋನಿಗೆ ಗೊತ್ತಾಗದೆ ಹೋದರೆ, ಒಳಬರುವ ಕರೆ ನಮ್ಮ ತನಕ ತಲುಪುವುದಿಲ್ಲ. ಮಗು ಬೆಂಚಿನ ಮೇಲೆಯೇ ಕೂತಿದೆ, ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರು ಬಿಟ್ಟುಹೋಗಿದೆ, ಹಾಗೆ. ಫ್ಲೈಟ್ ಮೋಡ್ ಹಾಕಿ ತೆಗೆದರೆ ಎಷ್ಟೋ ಸಲ ಸರಿಹೋಗುವುದು ಇದಕ್ಕೇ. ಫೋನ್ ಎರಡೂ ಕಡೆ ಹೊಸದಾಗಿ ಹೆಸರು ಬರೆಸುತ್ತದೆ.

ತೆರೆಯ ಮೇಲಿನ ಟವರ್ ಕಡ್ಡಿಗಳು ಇದರ ಬಗ್ಗೆ ಏನೂ ಹೇಳುವುದಿಲ್ಲ. ಅವು ತೋರಿಸುವುದು ರೇಡಿಯೋ ಅಲೆಯ ಬಲವನ್ನು ಮಾತ್ರ. ಅದನ್ನೂ ಎಷ್ಟು ಕಡ್ಡಿ ಅಂತ ತೋರಿಸಬೇಕು ಎಂದು ಲೆಕ್ಕ ಹಾಕುವವರು ಫೋನ್ ಮಾಡುವವರೇ. 2010ರ ಜುಲೈನಲ್ಲಿ ಆಪಲ್ ಕಂಪನಿ ಬಹಿರಂಗವಾಗಿಯೇ ಒಪ್ಪಿಕೊಂಡಿತು: ನಮ್ಮ ಲೆಕ್ಕದ ಸೂತ್ರವೇ ತಪ್ಪು, ಎಷ್ಟೋ ಸಲ ಇರಬೇಕಾದ್ದಕ್ಕಿಂತ 2 ಕಡ್ಡಿ ಜಾಸ್ತಿ ತೋರಿಸುತ್ತಿದ್ದೆವು ಎಂದು.

ಅದು ಐಫೋನ್ 4ರ ಗಲಾಟೆಯ ಸಮಯ. ಫೋನಿನ ಸುತ್ತಲಿನ ಲೋಹದ ಪಟ್ಟಿಯೇ ಅದರ ಆಂಟೆನಾ ಆಗಿತ್ತು. ಎಡಗಡೆ ಕೆಳಮೂಲೆಯಲ್ಲಿ ಎರಡು ಪಟ್ಟಿಗಳ ನಡುವೆ ಸಣ್ಣ ಸೀಳು. ಅಂಗೈ ಅಲ್ಲಿ ತಾಗಿದರೆ ಸಿಗ್ನಲ್ ಇಳಿಯುತ್ತಿತ್ತು. ದೂರು ಹೇಳಿದವರಿಗೆ ಕಂಪನಿಯಿಂದ ಮೊದಲು ಬಂದ ಉತ್ತರ, ಹಾಗೆ ಹಿಡಿಯಬೇಡಿ ಅಂತ. ಆಮೇಲೆ ಜುಲೈ 16ರಂದು ಪತ್ರಿಕಾಗೋಷ್ಠಿ ಕರೆದು ಎಲ್ಲರಿಗೂ ಬಿಟ್ಟಿಯಾಗಿ ಕವರ್ ಕೊಡುತ್ತೇವೆ ಅಂದರು. ಮೊದಲು ತಪ್ಪು ಹೊತ್ತುಕೊಂಡದ್ದು ಮಾತ್ರ ಗಿರಾಕಿಯ ಕೈ.

ವಾಪಸ್ ನನ್ನ ವಿಷಯಕ್ಕೆ. ನನ್ನ ಫೋನಿಗೆ ಅವತ್ತು ಇದೇ ಆಗಿತ್ತು ಎಂದು ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ. ಅದು ಇರುವುದು ನೆಟ್‌ವರ್ಕ್ ಕಂಪನಿಯ ಕಂಪ್ಯೂಟರಿನಲ್ಲಿ. ನನಗೆ ಸಿಕ್ಕಿದ್ದು ಕಸ್ಟಮರ್ ಕೇರ್‌ನ ಒಂದು ಸಾಲು: "ಈಗ ಚೆಕ್ ಮಾಡಿದ್ರೆ ಎಲ್ಲಾ ಸರಿ ಇದೆ ಮೇಡಂ." ಈಗ ಸರಿ ಇದೆ ಅಂತ ನನಗೂ ಗೊತ್ತು. ನಾನು ಕೇಳಿದ್ದು ಆ ಬೆಳಿಗ್ಗೆಯ ಬಗ್ಗೆ.

ಅಣ್ಣನ ಕಿವಿಗೆ ಬಿದ್ದ ಆ ರೆಕಾರ್ಡಿಂಗ್ ಬಗ್ಗೆಯೂ ನನಗೆ ಸಿಟ್ಟಿದೆ. ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಆ ದನಿ ಎಷ್ಟು ಖಚಿತವಾಗಿ ಹೇಳುತ್ತದೆ! ನನ್ನ ಫೋನಿಗೆ ಕರೆ ತಲುಪಲಿಲ್ಲ ಅನ್ನುವುದಷ್ಟೇ ಅವತ್ತು ನಿಜವಾಗಿದ್ದ ಸಂಗತಿ. ಅದನ್ನು ನಾನು ಮಾಡಿದ ಕೆಲಸ ಎಂದು ಆ ದನಿ ಹೇಳಿತು. ನಮ್ಮ ಮನೆಯವರು ನನ್ನ ಮಾತಿಗಿಂತ ಆ ದನಿಯನ್ನು ನಂಬಿದರು. ಅವರನ್ನು ದೂರಲಾರೆ. ಅಷ್ಟು ಸ್ಪಷ್ಟವಾಗಿ ಕನ್ನಡದಲ್ಲಿ ಹೇಳಿದರೆ ಯಾರು ನಂಬುವುದಿಲ್ಲ? "ಕರೆ ತಲುಪುತ್ತಿಲ್ಲ, ಕಾರಣ ತಿಳಿದಿಲ್ಲ" ಎಂದಿದ್ದರೆ ಅಣ್ಣ ಆಗಲೇ ಬೇರೆ ನಂಬರ್ ಹುಡುಕುತ್ತಿದ್ದರೇನೋ.

ಇದಾದ ಮೇಲೆ ಯಾರಾದರೂ ಫೋನ್ ವಿಚಿತ್ರವಾಗಿ ಆಡುತ್ತಿದೆ ಅಂದರೆ ನಾನು ಸುಲಭಕ್ಕೆ ಬಿಡುವುದಿಲ್ಲ. ಚಿಕ್ಕಮ್ಮನ ಫೋನಿನಿಂದ ರಾತ್ರಿ ಹೊತ್ತು ತನ್ನಷ್ಟಕ್ಕೇ ಯಾರಿಗೋ ಕರೆ ಹೋಗುತ್ತಿತ್ತು. ಪಕ್ಕದ ಮನೆಯವರು ಹ್ಯಾಕ್ ಆಗಿದೆ ಅಂದರು. ಬ್ಯಾಂಕಿನ ದುಡ್ಡು ಹೋಗುತ್ತದೆ ಎಂದು ಚಿಕ್ಕಮ್ಮ ನಿದ್ದೆಗೆಟ್ಟರು. ಕರೆ ಹೋದ ಕಡೆಯವರು ಬೇರೆ, ಹೊತ್ತಲ್ಲದ ಹೊತ್ತಿನಲ್ಲಿ ಮಾಡಿ ಮಾತಾಡುವುದಿಲ್ಲ ಎಂದು ಬೇಜಾರು ಮಾಡಿಕೊಂಡರು. ನೋಡಿದರೆ ಇದೆಲ್ಲ ಆಗುತ್ತಿದ್ದದ್ದು ಚಾರ್ಜಿಗೆ ಹಾಕಿದಾಗ ಮಾತ್ರ. ಚಾರ್ಜರ್ ಸಂತೆಯಲ್ಲಿ ಕೊಂಡ ಅಗ್ಗದ್ದು. ಟಚ್ ತೆರೆ ಕೆಲಸ ಮಾಡುವುದು ಬೆರಳಿನಿಂದ ಆಗುವ ಬಹಳ ಸಣ್ಣ ವಿದ್ಯುತ್ ಬದಲಾವಣೆಯನ್ನು ಅಳೆದು. ಅಗ್ಗದ ಚಾರ್ಜರ್ ಕರೆಂಟನ್ನು ಸರಿಯಾಗಿ ಶುದ್ಧ ಮಾಡುವುದಿಲ್ಲ. ಅದರ ಗದ್ದಲ ತಂತಿಯ ಮೂಲಕ ಫೋನಿಗೆ ಬರುತ್ತದೆ. ಎರಡು ಪಿನ್ನಿನ ಚಾರ್ಜರಿಗೆ ಅರ್ಥಿಂಗೂ ಇಲ್ಲ. ಆಗ ಬೆರಳಿಲ್ಲದ ಕಡೆ ಬೆರಳಿದೆ ಎಂದು ತೆರೆ ತಿಳಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಮುಟ್ಟಿದರೂ, ತೆರೆಯ ಮೇಲೆ ಹನಿ ಕೂತರೂ ಹೀಗೆಯೇ. ಒಳ್ಳೆಯ ಚಾರ್ಜರ್ ತಂದುಕೊಟ್ಟೆವು. ಕರೆ ಹೋಗುವುದು ನಿಂತಿತು.

ಮಳೆಯ ವಿಷಯ ಬಂತು, ಹೇಳಲೇಬೇಕಾದ ಒಂದು ಸಂಗತಿ ಇದೆ. ಫೋನಿನ ಒಳಗೆ ಒಂದು ಬಿಳಿ ಚುಕ್ಕಿಯ ಸ್ಟಿಕ್ಕರ್ ಇರುತ್ತದೆ. ನೀರು ತಾಗಿದರೆ ಕೆಂಪಾಗುತ್ತದೆ. ಕೆಂಪಾಗಿದ್ದರೆ ವಾರಂಟಿ ಇಲ್ಲ, ನೀವು ನೀರಿಗೆ ಹಾಕಿದ್ದೀರಿ ಅನ್ನುತ್ತಾರೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ ವಾರಂಟಿ ಸಿಗದವರು ಆಪಲ್ ಮೇಲೆ ದಾವೆ ಹಾಕಿದ್ದರು. ನೀರಿಗೆ ಬೀಳದಿದ್ದರೂ ಗಾಳಿಯಲ್ಲಿನ ತೇವಕ್ಕೇ ಸ್ಟಿಕ್ಕರ್ ಬಣ್ಣ ತಿರುಗಬಹುದು ಅನ್ನುವುದು ಅವರ ವಾದ. 2013ರಲ್ಲಿ ಕಂಪನಿ 5.3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿತು. ಆಗುಂಬೆ, ಸಕಲೇಶಪುರ, ಮಡಿಕೇರಿ ಕಡೆ ಆಷಾಢದಲ್ಲಿ ಗೋಡೆಯ ಮೇಲೆಯೇ ಬೂಸು ಬರುತ್ತದೆ. ಅಲ್ಲಿ ಫೋನ್ ಇಟ್ಟುಕೊಂಡವರಿಗೆ, ನೀರಿಗೆ ಬೀಳಿಸಿದ್ದೀರಿ ಎಂದು ಕೌಂಟರಿನ ಆಚೆಯಿಂದ ಹೇಳುವ ಮುನ್ನ ಸ್ವಲ್ಪ ಯೋಚಿಸಬೇಕು ಅಲ್ವಾ?

ಬ್ಯಾಟರಿಯ ಕತೆ ಇನ್ನೂ ದೊಡ್ಡದು. ಅಪ್‌ಡೇಟ್ ಹಾಕಿದ ಮೇಲೆ ಫೋನ್ ನಿಧಾನ ಆಯಿತು ಎಂದು ಎಷ್ಟೋ ವರ್ಷ ಜನ ಹೇಳುತ್ತಿದ್ದರು. ಹೊಸ ಫೋನ್ ಬಂತಲ್ಲ, ಹಳೆಯದು ನಿಧಾನ ಅನ್ನಿಸುತ್ತದೆ, ನಿಮ್ಮ ಭ್ರಮೆ ಅನ್ನುತ್ತಿದ್ದರು. 2017ರ ಕೊನೆಯಲ್ಲಿ ಒಬ್ಬರು ತಮ್ಮ ಹಳೆಯ ಐಫೋನಿಗೆ ಹೊಸ ಬ್ಯಾಟರಿ ಹಾಕಿಸಿದರು. ವೇಗ ವಾಪಸ್ ಬಂತು. ಅದನ್ನು ಬೇರೆಯವರಿಗೂ ತಿಳಿಸಿದರು. ವೇಗ ಅಳೆಯುವ ಗೀಕ್‌ಬೆಂಚ್ ತಂತ್ರಾಂಶ ಮಾಡಿದವರು ತಮ್ಮ ಬಳಿ ಸೇರಿದ್ದ ಅಂಕಿಗಳನ್ನು ನೋಡಿದರು. ಒಂದು ಅಪ್‌ಡೇಟ್ ಆದ ಮೇಲೆ ಎಷ್ಟೋ ಫೋನುಗಳ ವೇಗ ಒಟ್ಟಿಗೆ ಕುಸಿದದ್ದು ಕಂಡಿತು. ಆ ವಾರವೇ, ಡಿಸೆಂಬರ್ 20ರಂದು, ಆಪಲ್ ಒಪ್ಪಿಕೊಂಡಿತು. ಲಿಥಿಯಂ ಬ್ಯಾಟರಿ ಹಳೆಯದಾದಂತೆ ಒಳಗಿನ ಪ್ರತಿರೋಧ ಏರುತ್ತದೆ. ಫೋನ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿದು, 30 ಪರ್ಸೆಂಟ್ ಇದ್ದರೂ ಆಫ್ ಆಗಿಬಿಡುತ್ತದೆ. ಹಾಗಾಗದಿರಲಿ ಎಂದು ವೇಗವನ್ನೇ ತಗ್ಗಿಸಿದ್ದರು. ಕಾರಣ ಸರಿಯಾದದ್ದೇ. ಆದರೆ ಫೋನ್ ಇಟ್ಟುಕೊಂಡವರಿಗೆ ಹೇಳಿರಲಿಲ್ಲ. ಬ್ಯಾಟರಿ ಬದಲಿಸಿದರೆ ಸಾಕಿತ್ತು ಎಂದು ಗೊತ್ತಿಲ್ಲದೆ ಎಷ್ಟು ಜನ ಹೊಸ ಫೋನ್ ಕೊಂಡಿರಬಹುದು! ಆಮೇಲೆ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿದರು. 2020ರಲ್ಲಿ 50 ಕೋಟಿ ಡಾಲರ್ ತನಕ ಕೊಡಲು ಒಪ್ಪಿದರು.

ನಮ್ಮ ದೇಶದಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. 2018ರ ಆಗಸ್ಟ್ ಮೊದಲ ವಾರ. ಲೆಕ್ಕವಿಲ್ಲದಷ್ಟು ಆಂಡ್ರಾಯ್ಡ್ ಫೋನುಗಳ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಆಧಾರ್ ಸಹಾಯವಾಣಿಯ ಹಳೆಯ ನಂಬರ್ ಕಾಣಿಸಿತು. ಯಾರೂ ಸೇವ್ ಮಾಡಿರಲಿಲ್ಲ. ಸರ್ಕಾರ ನಮ್ಮ ಫೋನಿನೊಳಗೆ ಬಂದಿದೆ ಎಂದು ಕೆಲವರು ಹೆದರಿದರು. ನಿಮಗೇ ಮರೆತಿರಬೇಕು ಎಂದು ಕೆಲವರು ಮನೆಯವರನ್ನೇ ಗದರಿದರು. ಆಧಾರ್ ಪ್ರಾಧಿಕಾರ ನಾವು ಯಾರಿಗೂ ಹಾಕಲು ಹೇಳಿಲ್ಲ ಅಂದಿತು. ಆಗಸ್ಟ್ 3ರ ರಾತ್ರಿ ಗೂಗಲ್ ಹೇಳಿಕೆ ಬಂತು. 2014ರಲ್ಲಿ ಭಾರತದ ಫೋನ್ ಕಂಪನಿಗಳಿಗೆ ಕೊಟ್ಟ ಆಂಡ್ರಾಯ್ಡ್ ಸೆಟಪ್‌ನಲ್ಲಿ ಆ ನಂಬರನ್ನೂ 112ನ್ನೂ ನಾವೇ ಗೊತ್ತಿಲ್ಲದೆ ಸೇರಿಸಿಬಿಟ್ಟಿದ್ದೆವು, ಜನ ಹೊಸ ಫೋನಿಗೆ ಕಾಂಟ್ಯಾಕ್ಟ್ ವರ್ಗಾಯಿಸಿದಾಗ ಅವೂ ಜೊತೆಗೆ ಬಂದವು ಎಂದು. ಅಷ್ಟು ಗೊತ್ತಾದ ಕೂಡಲೇ ಭಯ ಇಳಿಯಿತು. ನಂಬರ್ ಅಳಿಸಿ ಸುಮ್ಮನಾದೆವು.

ನನಗೆ ತುಂಬಾ ಇಷ್ಟವಾದದ್ದು ಅಮೆರಿಕದ ಒಂದು ಆಸ್ಪತ್ರೆಯ ಪ್ರಕರಣ. ಇಲಿನಾಯ್ ರಾಜ್ಯದ ಮೊರಿಸ್ ಆಸ್ಪತ್ರೆ, 2018ರ ಅಕ್ಟೋಬರ್. ಹೊಸ ಎಂಆರ್‌ಐ ಯಂತ್ರ ಕೂರಿಸುತ್ತಿದ್ದರು. ಅವತ್ತು ಆಸ್ಪತ್ರೆಯಲ್ಲಿ ಸುಮಾರು 40 ಫೋನ್, ವಾಚುಗಳು ಸತ್ತು ಕೂತವು. ಎಲ್ಲವೂ ಆಪಲ್‌ನವು. ಆಂಡ್ರಾಯ್ಡ್ ಫೋನುಗಳಿಗೆ ಏನೂ ಆಗಿರಲಿಲ್ಲ. ಮೊದಲು ಅನುಮಾನ ಬಿದ್ದದ್ದು ಎಂಆರ್‌ಐ ಯಂತ್ರದ ಮೇಲೆ. ಆದರೆ ಹಾಗಿದ್ದರೆ ಎಲ್ಲ ಫೋನೂ ಕೆಡಬೇಕಿತ್ತಲ್ಲ? ಅಲ್ಲಿನ ಕಂಪ್ಯೂಟರ್ ವಿಭಾಗದವರು ಬಿಡದೆ ಹುಡುಕಿದರು. ಯಂತ್ರ ತಣ್ಣಗಿಡಲು ಬಳಸುವ ಹೀಲಿಯಂ ಸೋರಿ, ಗಾಳಿಯ ಕೊಳವೆಗಳ ಮೂಲಕ ಕಟ್ಟಡದೊಳಗೆ ಹರಡಿತ್ತು. ಪ್ರತಿ ಫೋನಿಗೂ ಕಾಲ ಅಳೆಯುವ, ಸದಾ ಕಂಪಿಸುವ ಒಂದು ಬಿಡಿಭಾಗ ಬೇಕು. ಮಾಮೂಲಿಯಾಗಿ ಅದು ಕ್ವಾರ್ಟ್ಜ್ ಹರಳು. ಆ ಐಫೋನುಗಳಲ್ಲಿ ಅದರ ಬದಲು ಸಿಲಿಕಾನಿನಲ್ಲಿ ಕೊರೆದ ಪುಟ್ಟ ಭಾಗ ಇತ್ತು, ಗಾಳಿ ತೆಗೆದ ಗೂಡಿನಲ್ಲಿ. ಹೀಲಿಯಂ ಅಣು ಎಷ್ಟು ಸಣ್ಣದೆಂದರೆ ಆ ಗೂಡಿಗೂ ನುಗ್ಗಿತು. ಕಂಪನ ಕೆಟ್ಟಿತು. ಗಡಿಯಾರ ನಿಂತರೆ ಫೋನೂ ನಿಂತಂತೆಯೇ. ಕೆಲವು ದಿನಗಳಲ್ಲಿ ಹೀಲಿಯಂ ತಾನಾಗಿ ಹೊರಗೆ ಹೋಯಿತು, ಹೆಚ್ಚಿನವು ಎದ್ದು ಕೂತವು. ಹೀಲಿಯಂ ತಾಗಿದರೆ ಫೋನಿಗೆ ತೊಂದರೆ ಆಗಬಹುದು ಎಂದು ಕಂಪನಿಯ ಕೈಪಿಡಿಯಲ್ಲಿಯೇ ಬರೆದಿತ್ತು.

ಯೋಚಿಸಿ. ಆ 40ರಲ್ಲಿ ಒಂದೇ ಒಂದು ಫೋನ್ ಸರ್ವಿಸ್ ಸೆಂಟರಿಗೆ ಹೋಗಿದ್ದರೆ ಏನಾಗುತ್ತಿತ್ತು? ಬೋರ್ಡ್ ಹೋಗಿದೆ ಅನ್ನುತ್ತಿದ್ದರು. ಇಲ್ಲವಾದರೆ ನೀರಿಗೆ ಬಿದ್ದಿರಬೇಕು ಅನ್ನುತ್ತಿದ್ದರು. ಒಟ್ಟಿಗೆ ಕೆಟ್ಟಿದ್ದರಿಂದ, ಒಂದೇ ಕಟ್ಟಡದಲ್ಲಿದ್ದರಿಂದ, ಕೇಳುವ ಹಟ ಇದ್ದವರು ಅಲ್ಲಿದ್ದದ್ದರಿಂದ ಕಾರಣ ಸಿಕ್ಕಿತು. 2020ರಲ್ಲಿ ಒಂದು ಸರೋವರದ ಚಂದದ ಫೋಟೋ ವಾಲ್‌ಪೇಪರ್ ಆಗಿ ಹಾಕಿದರೆ ಕೆಲವು ಆಂಡ್ರಾಯ್ಡ್ 10 ಫೋನುಗಳು ಆಫ್ ಆಗಿ ಆನ್ ಆಗಿ ಅಲ್ಲಿಯೇ ಸುತ್ತುತ್ತಿದ್ದವು. ಅದೂ ಹೀಗೆಯೇ ಬಯಲಾಯಿತು. ಬಣ್ಣದ ಹೊಳಪನ್ನು 0ಯಿಂದ 255ರ ಒಳಗೆ ಎಣಿಸುವ ಲೆಕ್ಕ ಆ ಫೋಟೋದಲ್ಲಿ 255 ದಾಟುತ್ತಿತ್ತು. ಫೋಟೋ ತೆಗೆದವರ ತಪ್ಪೇನೂ ಇರಲಿಲ್ಲ.

ನಮಗೆ ಸಿಗುವ ಉತ್ತರ ಮಾತ್ರ ಯಾವಾಗಲೂ ಒಂದೇ. ರೀಸೆಟ್ ಮಾಡಿ. ನನಗೆ ಈ ಸಲಹೆಯ ಮೇಲೆ ದೊಡ್ಡ ತಕರಾರಿದೆ. ರೀಸೆಟ್ ಮಾಡಿದರೆ ಎಷ್ಟೋ ಸಲ ಫೋನ್ ಸರಿಹೋಗುತ್ತದೆ, ನಿಜ. ಅದರ ಜೊತೆ ಅಲ್ಲಿಯ ತನಕ ಏನಾಯಿತು ಎಂದು ಫೋನ್ ಬರೆದಿಟ್ಟುಕೊಂಡ ದಾಖಲೆಯೂ ಅಳಿಸಿಹೋಗುತ್ತದೆ. ಕಾರಣ ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಮೊಮ್ಮಗುವಿನ ಫೋಟೋ, ತೀರಿಹೋದವರ ದನಿ ಇರುವ ಮೆಸೇಜು ಇವೆಲ್ಲ ಹೋಗುವುದು ಬೇರೆ.

ಫೋನಿಗೆ ತಾನೇ ಹೇಳಲು ಬರುವುದಿಲ್ಲ ಅಂತೇನೂ ಅಲ್ಲ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಮ್ಮೆಲೇ ಕಿರುಚಿಕೊಂಡವು. ನಮ್ಮ ಬೀದಿಯಲ್ಲಿ ಎಲ್ಲರೂ ಬಾಗಿಲಿಗೆ ಬಂದರು. ಆದರೆ ತೆರೆಯ ಮೇಲೆಯೇ ಬರೆದಿತ್ತು, ಇದು ತುರ್ತು ಎಚ್ಚರಿಕೆಯ ಪರೀಕ್ಷೆ, ನೀವೇನೂ ಮಾಡಬೇಕಿಲ್ಲ ಅಂತ. ಅಮ್ಮ ಓದಿದರು, ಒಳಗೆ ಹೋಗಿ ಕೆಲಸ ನೋಡಿಕೊಂಡರು. ತಾನೇನೋ ಒತ್ತಿಬಿಟ್ಟೆ ಅನ್ನಲಿಲ್ಲ. ಅಂಥದ್ದೇ ಒಂದು ಸಾಲು ನನ್ನ ಫೋನಿಗೂ ಬೇಕಿತ್ತು. ನಿಮಗೆ ನೆಟ್ ಇದೆ, ಕರೆ ಬರುತ್ತಿಲ್ಲ ಎಂದು. ಕನ್ನಡದಲ್ಲಿ.

ಕಾನೂನು ನಿಧಾನಕ್ಕೆ ಈ ಕಡೆ ಬರುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ 80 ಪರ್ಸೆಂಟ್ ಶಕ್ತಿ ಉಳಿಸಿಕೊಳ್ಳಬೇಕು, ಬಿಡಿಭಾಗ ವರ್ಷಗಟ್ಟಲೆ ಸಿಗಬೇಕು. ಒಳ್ಳೆಯದೇ. ಆದರೆ ಬಿಡಿಭಾಗದ ಹಕ್ಕಿನ ಜೊತೆಗೆ ಕಾರಣ ತಿಳಿಯುವ ಹಕ್ಕೂ ನನಗೆ ಬೇಕು. ನನ್ನ ನಂಬರಿಗೆ ಬಂದ ಕರೆ ಯಾವ ಹೊತ್ತಿಗೆ, ಎಲ್ಲಿ, ಯಾಕೆ ನಿಂತಿತು ಎಂದು ಕೇಳಿದರೆ ಕೊಡಬೇಕು. ಉತ್ತರ ಸಿಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಅದನ್ನು ಬಳಸಿ.

ಇತ್ತೀಚೆಗೆ ಇದೇ ಫೋನ್ ಹಿಡಿದು ಮತ್ತೆ ಸರ್ವಿಸ್ ಸೆಂಟರಿಗೆ ಹೋಗಿದ್ದೆ. ಕೌಂಟರಿನ ಹುಡುಗ ಒಳ್ಳೆಯವನು, ಪೂರ್ತಿ ಕೇಳಿಸಿಕೊಂಡ. ಪರೀಕ್ಷೆ ಮಾಡಿ ತಂದು, ತೊಂದರೆ ಇಲ್ಲ ಎಂದು ಜಾಬ್ ಶೀಟ್ ಮುಚ್ಚಲು ಹೊರಟ. ತೊಂದರೆ ಇದೆ, ಕಾರಣ ಸಿಕ್ಕಿಲ್ಲ ಅಂತ ಬರೀಪ್ಪ, ಅಂದೆ. ಅವನು ಕಂಪ್ಯೂಟರ್ ತಿರುಗಿಸಿ ತೋರಿಸಿದ. ಆರಿಸಿಕೊಳ್ಳಲು ಅದರಲ್ಲಿ ಒಂದು ಪಟ್ಟಿ ಇತ್ತು. ಡಿಸ್‌ಪ್ಲೇ, ಬ್ಯಾಟರಿ, ಬೋರ್ಡ್, ನೀರು, ಗಿರಾಕಿಯ ಬಳಕೆ, ತೊಂದರೆ ಇಲ್ಲ. "ನೀವು ಹೇಳಿದ್ದು ಇದರಲ್ಲಿ ಇಲ್ಲ ಮೇಡಂ" ಅಂದ. ಕೆಳಗೆ ಷರಾ ಬರೆಯುವ ಜಾಗ ಖಾಲಿ ಇತ್ತು. ಅಲ್ಲಿ ಬರೆ, ದಿನಾಂಕ ಹಾಕು, ಹೊತ್ತು ಹಾಕು, ಊರು ಹಾಸನ ಅಂತ ಹಾಕು, ಅಂದೆ. ಒಂದೊಂದೇ ಕೇಳಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲ್ ಹಾಕಿ ಕೊಟ್ಟ. ಅದರ ಫೋಟೋ ತೆಗೆದು ಅಣ್ಣನಿಗೆ ಕಳಿಸಿದ್ದೇನೆ.